ವರ್ಕ್‌ಫ್ಲೋದಿಂದ ಸ್ಕ್ರಿಪ್ಟ್‌ಗೆ ದೊಡ್ಡ ಡೇಟಾ ಕಳಿಸೋದು ಹೇಗೆ?

ಐವತ್ತು ಸಾಲು ಡೇಟಾ ಇದ್ದಾಗ ಸಲೀಸಾಗಿ ಓಡುತ್ತಿದ್ದ ವರ್ಕ್‌ಫ್ಲೋ (ಒಂದರ ಹಿಂದೆ ಒಂದು ತಾನಾಗಿ ನಡೆಯುವ ಕೆಲಸಗಳ ಸರಪಳಿ), ನಾನೂರು ಸಾಲು ಬಂದ ದಿನ ನಿಂತುಬಿಡುತ್ತದೆ. ಸ್ಕ್ರಿಪ್ಟ್‌ನಲ್ಲಿ ಒಂದಕ್ಷರವೂ ಬದಲಾಗಿರುವುದಿಲ್ಲ. ಸರ್ವರ್‌ನಲ್ಲಿ ಮೆಮೊರಿ ಬೇಕಾದಷ್ಟಿರುತ್ತದೆ. ತೆರೆಯ ಮೇಲೆ ಮಾತ್ರ ‘ಆರ್ಗ್ಯುಮೆಂಟ್ ಲಿಸ್ಟ್ ಟೂ ಲಾಂಗ್’ ಅಥವಾ ‘ಸ್ಪಾನ್ ಇ2ಬಿಗ್’ ಅನ್ನೋ ಒಂದು ಸಾಲು. ಇದನ್ನು ನೋಡಿದವರು ಮೊದಲು ಅನುಮಾನ ಪಡುವುದು ಸ್ಕ್ರಿಪ್ಟ್ ಮೇಲೆ. ಗಂಟೆಗಟ್ಟಲೆ ಪೈಥಾನ್ ಕೋಡ್ ತಡಕಾಡುತ್ತಾರೆ. ಆದರೆ ಆ ಕೋಡ್ ಶುರುವೇ ಆಗಿಲ್ಲ. ಡೇಟಾ ಅದರ ಬಾಗಿಲಿಗೆ ಬರುವ ಮುಂಚೆಯೇ ಆಪರೇಟಿಂಗ್ ಸಿಸ್ಟಮ್ ಅದನ್ನು ತಡೆದಿದೆ.

ಎನ್8ಎನ್, ಏರ್‌ಫ್ಲೋ, ಗಿಟ್‌ಹಬ್ ಆಕ್ಷನ್ಸ್, ಅಮೆಜಾನ್‌ನ ಸ್ಟೆಪ್ ಫಂಕ್ಷನ್ಸ್, ಹೀಗೆ ಕೆಲಸಗಳನ್ನು ಒಂದಕ್ಕೊಂದು ಜೋಡಿಸುವ ಯಾವ ಸಾಫ್ಟ್‌ವೇರ್ ತೆಗೆದುಕೊಂಡರೂ ಈ ತೊಂದರೆ ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ಕನ್ನಡದ ಡೇಟಾ ಇಟ್ಟುಕೊಂಡು ಕೆಲಸ ಮಾಡುವವರಿಗಂತೂ ಇಂಗ್ಲಿಷಿನವರಿಗಿಂತ ಬೇಗ ಬರುತ್ತದೆ. ಯಾಕೆ ಅಂತ ಮುಂದೆ ಲೆಕ್ಕ ಹಾಕಿಯೇ ನೋಡೋಣ. ಉದಾಹರಣೆಗೆ ನಾನು ಹೆಚ್ಚಾಗಿ ಎನ್8ಎನ್ ಅನ್ನೇ ಇಟ್ಟುಕೊಳ್ಳುತ್ತೇನೆ. ಸ್ವಂತ ಸರ್ವರ್‌ನಲ್ಲಿ ಹಾಕಿಕೊಂಡು ನಡೆಸಬಹುದು. ಮೇಲಾಗಿ ಅದರಲ್ಲಿರುವ ‘ಎಕ್ಸಿಕ್ಯೂಟ್ ಕಮಾಂಡ್’ ಅನ್ನೋ ನೋಡ್‌ನಲ್ಲಿ (ನೋಡ್ ಅಂದರೆ ವರ್ಕ್‌ಫ್ಲೋದ ಒಂದು ಹೆಜ್ಜೆ) ಈ ಸಮಸ್ಯೆ ಕಣ್ಣಿಗೆ ಕಟ್ಟಿದ ಹಾಗೆ ಕಾಣುತ್ತದೆ.

ಮಿತಿ ಎಲ್ಲಿದೆ?

ಒಂದು ಪ್ರೋಗ್ರಾಮ್ ಇನ್ನೊಂದನ್ನು ಕರೆಯುವಾಗ ಡೇಟಾ ಕೊಡಲು ಮೂರು ದಾರಿಗಳಿವೆ. ಕಮಾಂಡ್ ಸಾಲಿನಲ್ಲೇ, ಪ್ರೋಗ್ರಾಮ್ ಹೆಸರಿನ ಪಕ್ಕದಲ್ಲಿ, ಆರ್ಗ್ಯುಮೆಂಟ್ ಆಗಿ ಬರೆಯಬಹುದು. ಪ್ರೋಗ್ರಾಮ್ ಶುರುವಾಗುವಾಗ ಅದಕ್ಕೆ ಸಿಗುವ ಹೆಸರು-ಬೆಲೆ ಜೋಡಿಯಲ್ಲಿ, ಅಂದರೆ ಎನ್ವಿರಾನ್ಮೆಂಟ್ ವೇರಿಯಬಲ್‌ನಲ್ಲಿ, ಇಡಬಹುದು. ಇಲ್ಲವೇ ಪ್ರೋಗ್ರಾಮ್ ಓಡುವಾಗ ಓದಿಕೊಳ್ಳುವ ಸ್ಟ್ಯಾಂಡರ್ಡ್ ಇನ್‌ಪುಟ್ ಮೂಲಕ ಹರಿಸಬಹುದು. ಹೆಚ್ಚಿನವರು ಹಿಡಿಯುವುದು ಮೊದಲ ದಾರಿ, ಯಾಕೆಂದರೆ ಅದು ಸುಲಭ. ಸ್ಕ್ರಿಪ್ಟ್‌ನ ಹೆಸರು ಬರೆದು, ಪಕ್ಕದಲ್ಲಿ ಕೋಟ್ಸ್ ಹಾಕಿ, ಒಳಗೆ ಇಡೀ ಜೇಸನ್ (ಡೇಟಾವನ್ನು ಪಠ್ಯವಾಗಿ ಬರೆಯುವ ಒಂದು ರೂಪ) ಸುರಿದರೆ ಆಯ್ತು. ಚಿಕ್ಕ ಡೇಟಾಗೆ ಕೆಲಸವೂ ಆಗುತ್ತದೆ.

ಲಿನಕ್ಸ್‌ನಲ್ಲಿ ಈ ದಾರಿಗೆ ಎರಡು ಬೇರೆಬೇರೆ ಮಿತಿಗಳಿವೆ. ಇವೆರಡನ್ನೂ ಒಂದೇ ಅಂದುಕೊಳ್ಳುವುದರಿಂದಲೇ ಬಹಳ ಗೊಂದಲ. ಮೊದಲನೆಯದು, ಎಲ್ಲ ಆರ್ಗ್ಯುಮೆಂಟ್‌ಗಳು ಮತ್ತು ಎನ್ವಿರಾನ್ಮೆಂಟ್ ವೇರಿಯಬಲ್‌ಗಳು ಸೇರಿ ಎಷ್ಟಿರಬಹುದು ಅನ್ನೋದು. 2007ರಲ್ಲಿ ಬಂದ 2.6.23 ಕರ್ನೆಲ್‌ನಿಂದ (ಕರ್ನೆಲ್ ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಈಚೆಗೆ ಇದು ಸ್ಟ್ಯಾಕ್ (ಪ್ರೋಗ್ರಾಮ್‌ಗೆ ಸಿಗುವ ಒಂದು ಬಗೆಯ ಮೆಮೊರಿ) ಮಿತಿಯ ಕಾಲು ಭಾಗ. ಸಾಮಾನ್ಯವಾಗಿ ಸ್ಟ್ಯಾಕ್ 8 ಎಂಬಿ ಇರುತ್ತದೆ, ಹಾಗಾಗಿ ಒಟ್ಟು 2 ಎಂಬಿ ಸಿಗುತ್ತದೆ. ಟರ್ಮಿನಲ್‌ನಲ್ಲಿ ‘ಗೆಟ್‌ಕಾನ್ಫ್ ಆರ್ಗ್ ಮ್ಯಾಕ್ಸ್’ ಕೇಳಿದರೆ ಕಾಣುವ ಸಂಖ್ಯೆ ಇದೇ. ಅದನ್ನು ನೋಡಿ ಜನ “ನನ್ನ ಡೇಟಾ 200 ಕೆಬಿ ಅಷ್ಟೇ, ಮಿತಿ 2 ಎಂಬಿ ಇದೆ, ಮತ್ಯಾಕೆ ಹೋಗ್ತಿಲ್ಲ?” ಅಂತ ತಲೆ ಕೆಡಿಸಿಕೊಳ್ಳುತ್ತಾರೆ.

ಉತ್ತರ ಇರುವುದು ಎರಡನೆಯ ಮಿತಿಯಲ್ಲಿ. ಒಂದೇ ಒಂದು ಆರ್ಗ್ಯುಮೆಂಟ್ 1,31,072 ಬೈಟ್ ದಾಟುವಂತಿಲ್ಲ, ಅಂದರೆ 128 ಕೆಬಿ. ಕೊನೆಯಲ್ಲಿ ಬರುವ ಶೂನ್ಯ ಬೈಟ್ ಕೂಡ ಇದರಲ್ಲೇ ಸೇರಿದೆ. ಎನ್8ಎನ್‌ನ ಎಕ್ಸಿಕ್ಯೂಟ್ ಕಮಾಂಡ್ ನೋಡ್ ಒಳಗಿನಿಂದ ನೋಡ್‌ಜೆಎಸ್‌ನ (ಜಾವಾಸ್ಕ್ರಿಪ್ಟ್ ನಡೆಸುವ ಸಾಫ್ಟ್‌ವೇರ್) ‘ಎಕ್ಸೆಕ್’ ಬಳಸುತ್ತದೆ. ಎಕ್ಸೆಕ್ ನಿಮ್ಮ ಇಡೀ ಕಮಾಂಡ್ ಅನ್ನು ಒಂದೇ ಸ್ಟ್ರಿಂಗ್ ಮಾಡಿ, ಕಮಾಂಡ್‌ಗಳನ್ನು ಓದಿ ನಡೆಸುವ ಶೆಲ್‌ಗೆ ಕೊಡುತ್ತದೆ. ನೀವು ಹತ್ತು ಆರ್ಗ್ಯುಮೆಂಟ್ ಬರೆದಿದ್ದರೂ ಕರ್ನೆಲ್ ಕಣ್ಣಿಗೆ ಅದು ಉದ್ದನೆಯ ಒಂದೇ ಆರ್ಗ್ಯುಮೆಂಟ್. ಹಾಗಾಗಿ ನಿಮಗೆ ಅನ್ವಯಿಸುವುದು 2 ಎಂಬಿ ಅಲ್ಲ, 128 ಕೆಬಿ.

ಇಷ್ಟು ಗೊತ್ತಾದರೆ ಅಂತರ್ಜಾಲದಲ್ಲಿ ಸಿಗುವ ಹಲವು ‘ಪರಿಹಾರ’ಗಳು ಯಾಕೆ ಕೆಲಸ ಮಾಡಲ್ಲ ಅನ್ನೋದೂ ಗೊತ್ತಾಗುತ್ತದೆ. ಸ್ಟ್ಯಾಕ್ ಮಿತಿ ಹೆಚ್ಚಿಸಿ ಅಂತ ಕೆಲವರು ಹೇಳುತ್ತಾರೆ. ಅದರಿಂದ ಒಟ್ಟು ಮಿತಿ ಏರುತ್ತದೆ, ಆದರೆ ಒಂದು ಆರ್ಗ್ಯುಮೆಂಟ್‌ನ ಮಿತಿ ಕರ್ನೆಲ್‌ನಲ್ಲೇ ಬರೆದಿಟ್ಟದ್ದು, ಅಲುಗಾಡಲ್ಲ. ಎನ್ವಿರಾನ್ಮೆಂಟ್ ವೇರಿಯಬಲ್‌ಗೆ ಹಾಕಿ ಅನ್ನುತ್ತಾರೆ. ಅದಕ್ಕೂ ಇದೇ 128 ಕೆಬಿ ಲೆಕ್ಕ. ‘ಎಕೋ’ ಕಮಾಂಡ್‌ನಿಂದ ಪ್ರಿಂಟ್ ಮಾಡಿ ಪೈಪ್ (ಒಂದರ ಔಟ್‌ಪುಟ್ ಅನ್ನು ಇನ್ನೊಂದರ ಇನ್‌ಪುಟ್‌ಗೆ ಹರಿಸುವ ಕೊಳವೆ) ಮೂಲಕ ಕೊಡಿ ಅನ್ನೋದು ಇನ್ನೊಂದು ಸಲಹೆ. ಡೇಟಾ ಆಗಲೇ ಶೆಲ್‌ನ ಒಂದು ವೇರಿಯಬಲ್‌ನಲ್ಲಿದ್ದರೆ ಇದು ನಿಜವಾಗಿಯೂ ಕೆಲಸ ಮಾಡುತ್ತದೆ. ಎಕೋ ಶೆಲ್‌ನ ಒಳಗೇ ಇರುವ ಕಮಾಂಡ್, ಹೊಸ ಪ್ರೋಗ್ರಾಮ್ ಶುರುಮಾಡುವ ಪ್ರಮೇಯವೇ ಅಲ್ಲಿಲ್ಲ. ಆದರೆ ಎನ್8ಎನ್‌ನಲ್ಲಿ ಆ ಎಕೋ ಸಾಲೂ, ಅದರೊಳಗಿನ ಡೇಟಾವೂ ಶೆಲ್‌ಗೆ ಹೋಗುವ ಆ ಒಂದೇ ಸ್ಟ್ರಿಂಗ್‌ನ ಭಾಗ. ಅಡ್ಡಿ ಇರುವುದು ಶೆಲ್ ಶುರುವಾಗುವ ಜಾಗದಲ್ಲೇ, ಒಳಗೆ ಏನು ಬರೆದರೇನು?

ಮ್ಯಾಕ್‌ನಲ್ಲಿ ಬರೆದು ಲಿನಕ್ಸ್ ಸರ್ವರ್‌ಗೆ ಹಾಕುವವರಿಗೆ ಇನ್ನೊಂದು ಹೊಡೆತ ಕಾದಿರುತ್ತದೆ. ಮ್ಯಾಕ್‌ನಲ್ಲಿ ಒಟ್ಟು ಮಿತಿ 1 ಎಂಬಿ. ಒಂದೊಂದು ಆರ್ಗ್ಯುಮೆಂಟ್‌ಗೆ ಬೇರೆ ಮಿತಿ ಇಲ್ಲ. 500 ಕೆಬಿ ಡೇಟಾ ಲ್ಯಾಪ್‌ಟಾಪ್‌ನಲ್ಲಿ ಆರಾಮಾಗಿ ಹೋಗುತ್ತದೆ, ಸರ್ವರ್‌ನಲ್ಲಿ ಬೀಳುತ್ತದೆ. ವಿಂಡೋಸ್‌ನ ಲೆಕ್ಕವೇ ಬೇರೆ: ಕಮಾಂಡ್ ಸಾಲು ಒಟ್ಟು 32,767 ಅಕ್ಷರ, ಸಿಎಂಡಿ ಮೂಲಕ ಹೋದರೆ ಬರೀ 8,191.

ಕನ್ನಡಕ್ಕೆ ಮೂರು ಪಟ್ಟು

ಲಿನಕ್ಸ್ ಎಣಿಸುವುದು ಅಕ್ಷರಗಳನ್ನಲ್ಲ, ಬೈಟ್‌ಗಳನ್ನು. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದ ಪ್ರತಿಯೊಂದು ಯುನಿಕೋಡ್ ಸಂಕೇತಕ್ಕೂ ಮೂರು ಬೈಟ್ ಬೇಕು. ‘ಕನ್ನಡ’ ಅನ್ನೋ ಪದವನ್ನೇ ತಗೊಳ್ಳಿ. ಕಣ್ಣಿಗೆ ಮೂರೇ ಅಕ್ಷರ. ಯುನಿಕೋಡ್‌ನಲ್ಲಿ ಅದು ಐದು ಸಂಕೇತ: ಕ, ನ, ಒತ್ತಕ್ಷರ ಕೂಡಿಸುವ ಹಲಂತ ಚಿಹ್ನೆ, ಇನ್ನೊಂದು ನ, ಡ. ಐದು ಮೂರಲೆ ಹದಿನೈದು ಬೈಟ್.

ಕಥೆ ಇಲ್ಲಿಗೇ ಮುಗಿಯಲ್ಲ. ಪೈಥಾನ್‌ನಲ್ಲಿ ‘ಜೇಸನ್ ಡಂಪ್ಸ್’ ಬಳಸಿ ಜೇಸನ್ ಮಾಡಿದರೆ, ಬೇರೆ ಏನೂ ಹೇಳದಿದ್ದಾಗ ಅದು ಇಂಗ್ಲಿಷೇತರ ಅಕ್ಷರಗಳನ್ನೆಲ್ಲ ಒಂದು ಬ್ಯಾಕ್‌ಸ್ಲ್ಯಾಶ್, ಒಂದು ಯು, ನಾಲ್ಕು ಅಂಕಿಗಳ ರೂಪಕ್ಕೆ ಬದಲಿಸುತ್ತದೆ. ಒಂದು ಸಂಕೇತಕ್ಕೆ ಆರು ಬೈಟ್. ಹದಿನೈದು ಬೈಟ್‌ನ ‘ಕನ್ನಡ’ ಈಗ ಮೂವತ್ತು ಬೈಟ್. ‘ಎನ್‌ಶೂರ್ ಆಸ್ಕಿ’ ಅನ್ನೋ ಆಯ್ಕೆಯನ್ನು ಫಾಲ್ಸ್ ಮಾಡಿದರೆ ಮತ್ತೆ ಹದಿನೈದಕ್ಕೆ ಇಳಿಯುತ್ತದೆ. ಕನ್ನಡ ಡೇಟಾ ಮುಟ್ಟುವ ಪ್ರತಿಯೊಬ್ಬ ಪೈಥಾನ್ ಬಳಕೆದಾರರೂ ಈ ಒಂದು ಆಯ್ಕೆಯನ್ನು ನೆನಪಿಟ್ಟುಕೊಳ್ಳಬೇಕು ಅನ್ನೋದು ನನ್ನ ಅಭಿಪ್ರಾಯ. ಗಾತ್ರ ಅರ್ಧ ಆಗುತ್ತದೆ. ಫೈಲ್ ತೆರೆದಾಗ ಕನ್ನಡ ಕನ್ನಡವಾಗಿಯೇ ಕಾಣುತ್ತದೆ. ಜಾವಾಸ್ಕ್ರಿಪ್ಟ್‌ನ ‘ಸ್ಟ್ರಿಂಗಿಫೈ’ ಹೀಗೆ ಬದಲಿಸುವುದಿಲ್ಲ, ಹಾಗಾಗಿ ಎನ್8ಎನ್ ಕಡೆಯಿಂದ ಹೋಗುವಾಗ ಮೂರು ಪಟ್ಟು, ಪೈಥಾನ್ ಕಡೆಯಿಂದ ಬರುವಾಗ ಆರು ಪಟ್ಟು. ಒಂದೇ ಡೇಟಾ ಹೋಗುವಾಗ ಒಂದು ಗಾತ್ರ, ಬರುವಾಗ ಇನ್ನೊಂದು.

ಈಗ ನಿಜವಾದ ಒಂದು ಕೆಲಸದ ಮೇಲೆ ಈ ಲೆಕ್ಕ ಇಟ್ಟು ನೋಡೋಣ. ಗ್ರಾಹಕರು ಫಾರ್ಮ್‌ನಲ್ಲಿ ಬರೆದ ಅನಿಸಿಕೆಗಳನ್ನು ಎನ್8ಎನ್ ಒಟ್ಟು ಮಾಡುತ್ತದೆ, ಪೈಥಾನ್ ಸ್ಕ್ರಿಪ್ಟ್ ಅವನ್ನು ಸ್ವಚ್ಛಗೊಳಿಸಿ ವಿಂಗಡಿಸಿ ವಾಪಸ್ ಕೊಡಬೇಕು. ಒಂದು ಅನಿಸಿಕೆಯಲ್ಲಿ ಸುಮಾರು ನೂರು ಸಂಕೇತ, ಜೊತೆಗೆ ತಾರೀಖು, ಬ್ರ್ಯಾಕೆಟ್, ಕೋಟ್ಸ್ ಎಲ್ಲ ಸೇರಿ ಐವತ್ತು ಬೈಟ್ ಅಂದುಕೊಳ್ಳಿ. ಇಂಗ್ಲಿಷಿನಲ್ಲಿ ಬರೆದಿದ್ದರೆ ಒಂದು ಸಾಲಿಗೆ 150 ಬೈಟ್, 128 ಕೆಬಿ ಒಳಗೆ 870 ಸಾಲು ಹಿಡಿಸುತ್ತವೆ. ಕನ್ನಡದಲ್ಲಿ ಒಂದು ಸಾಲಿಗೆ 350 ಬೈಟ್, ಸುಮಾರು 370 ಸಾಲಿಗೆ ಮುಗೀತು. ಬ್ಯಾಕ್‌ಸ್ಲ್ಯಾಶ್ ರೂಪದಲ್ಲಿ ಕಳಿಸಿದರೆ 200 ಸಾಲಿಗೇ ಮುಗೀತು. ಐವತ್ತು ಸಾಲಿಗೆ ಓಡಿ ನಾನೂರಕ್ಕೆ ನಿಂತ ವರ್ಕ್‌ಫ್ಲೋ ಹಿಂದಿನ ಗುಟ್ಟು ಇದೇ. ಇಂಗ್ಲಿಷ್ ಸ್ಯಾಂಪಲ್ ಹಾಕಿ ಪರೀಕ್ಷೆ ಮಾಡಿದವರಿಗೆ ಇದು ಕಾಣಿಸಿರುವುದೇ ಇಲ್ಲ.

ವಿಂಡೋಸ್ ಇಲ್ಲಿ ಕನ್ನಡಕ್ಕೆ ಸ್ವಲ್ಪ ದಯೆ ತೋರಿಸುತ್ತದೆ. ಅದು ಎಣಿಸುವುದು ಯುಟಿಎಫ್-16 ಘಟಕಗಳನ್ನು. ಕನ್ನಡದ ಒಂದು ಸಂಕೇತಕ್ಕೆ ಒಂದೇ ಘಟಕ, ಇಂಗ್ಲಿಷಿಗೂ ಒಂದೇ.

ಲಗೇಜ್ ಬಿಟ್ಟು ಚೀಟಿ ಹಿಡಿಯಿರಿ

ರೈಲ್ವೆ ಸ್ಟೇಷನ್‌ನ ಕ್ಲೋಕ್ ರೂಮ್‌ನಲ್ಲಿ ಲಗೇಜ್ ಇಟ್ಟು ಚೀಟಿ ತಗೊಂಡು ಹೋಗುತ್ತೇವಲ್ಲ, ಇಲ್ಲೂ ಮಾಡಬೇಕಾದ್ದು ಅದನ್ನೇ. ಡೇಟಾವನ್ನು ಒಂದು ಕಡೆ ಇಡಿ. ಎಲ್ಲಿಟ್ಟಿದ್ದೀರಿ ಅನ್ನೋ ವಿಳಾಸವನ್ನು ಮಾತ್ರ ಸ್ಕ್ರಿಪ್ಟ್‌ಗೆ ಕೊಡಿ. ಸ್ಕ್ರಿಪ್ಟ್ ಅಲ್ಲಿಂದ ಓದಲಿ, ಫಲಿತಾಂಶವನ್ನೂ ಹಾಗೇ ಒಂದು ಕಡೆ ಇಟ್ಟು ಅದರ ವಿಳಾಸ ಹೇಳಲಿ. ಸಾಫ್ಟ್‌ವೇರ್ ಜಗತ್ತಿನಲ್ಲಿ ಇದಕ್ಕೆ ಕ್ಲೇಮ್ ಚೆಕ್ ಪದ್ಧತಿ ಅಂತಲೇ ಹೆಸರಿದೆ. ಡೇಟಾ 2 ಕೆಬಿ ಇರಲಿ, 2 ಜಿಬಿ ಇರಲಿ, ಕಮಾಂಡ್ ಸಾಲಿನ ಉದ್ದ ಬದಲಾಗುವುದೇ ಇಲ್ಲ.

ಎನ್8ಎನ್‌ನಲ್ಲಿ ಇದಕ್ಕೆ ಬೇಕಾದ ನೋಡ್‌ಗಳೆಲ್ಲ ಇವೆ. ‘ಕನ್ವರ್ಟ್ ಟು ಫೈಲ್’ ನೋಡ್ ಡೇಟಾವನ್ನು ಫೈಲ್ ರೂಪಕ್ಕೆ ತರುತ್ತದೆ. ‘ರೀಡ್ ರೈಟ್ ಫೈಲ್ಸ್ ಫ್ರಮ್ ಡಿಸ್ಕ್’ ನೋಡ್ ಅದನ್ನು ಡಿಸ್ಕ್‌ಗೆ ಬರೆಯುತ್ತದೆ. ಆಮೇಲೆ ಎಕ್ಸಿಕ್ಯೂಟ್ ಕಮಾಂಡ್ ನೋಡ್‌ನಲ್ಲಿ ಸ್ಕ್ರಿಪ್ಟ್ ಹೆಸರು, ಒಳಗೆ ಹೋಗುವ ಫೈಲ್, ಹೊರಗೆ ಬರುವ ಫೈಲ್, ಇಷ್ಟೇ. ಸ್ಕ್ರಿಪ್ಟ್ ಮುಗಿದ ಮೇಲೆ ಮತ್ತೆ ಡಿಸ್ಕ್‌ನಿಂದ ಓದಿ ‘ಎಕ್ಸ್‌ಟ್ರ್ಯಾಕ್ಟ್ ಫ್ರಮ್ ಫೈಲ್’ ನೋಡ್‌ಗೆ ಕೊಟ್ಟರೆ ಡೇಟಾ ವರ್ಕ್‌ಫ್ಲೋಗೆ ವಾಪಸ್. ಒಂದು ವಿಷಯ: 2.0 ಆವೃತ್ತಿಯಿಂದ ಭದ್ರತೆಯ ಕಾರಣಕ್ಕೆ ಎಕ್ಸಿಕ್ಯೂಟ್ ಕಮಾಂಡ್ ನೋಡ್ ತಾನಾಗಿ ಸಿಗುವುದಿಲ್ಲ, ಸರ್ವರ್‌ನ ಸೆಟ್ಟಿಂಗ್‌ನಲ್ಲಿ ಬೇಕೆಂದೇ ಆನ್ ಮಾಡಬೇಕು. ಎನ್8ಎನ್ ಕ್ಲೌಡ್‌ನಲ್ಲಂತೂ ಈ ನೋಡ್ ಇಲ್ಲವೇ ಇಲ್ಲ.

ಕೇಳೋದಕ್ಕೆ ಸುಲಭ. ಆದರೆ ಫೈಲ್ ದಾರಿಗೆ ಅದರದ್ದೇ ಗುಂಡಿಗಳಿವೆ. ಒಂದೊಂದಾಗಿ ನೋಡಿಕೊಂಡು ಹೋಗೋಣ, ಯಾಕೆಂದರೆ ಇಲ್ಲಿ ಎಡವಿದರೆ ಎರರ್ ಕೂಡ ಬರಲ್ಲ, ತಪ್ಪು ಡೇಟಾ ಬರುತ್ತದೆ.

ಮೊದಲು ಹೆಸರು. ಫೈಲ್‌ಗೆ ‘ಇನ್‌ಪುಟ್’ ಅಂತ ಒಂದೇ ಹೆಸರಿಟ್ಟರೆ, ಒಂದೇ ಹೊತ್ತಿಗೆ ವರ್ಕ್‌ಫ್ಲೋ ಎರಡು ಸಲ ಓಡಿದಾಗ ಒಬ್ಬರ ಡೇಟಾ ಮೇಲೆ ಇನ್ನೊಬ್ಬರ ಡೇಟಾ ಬರೆದುಹೋಗುತ್ತದೆ. ಎನ್8ಎನ್ ಪ್ರತಿ ಓಟಕ್ಕೂ ಒಂದು ಎಕ್ಸಿಕ್ಯೂಷನ್ ಐಡಿ ಕೊಡುತ್ತದೆ. ಅದನ್ನೇ ಫೈಲ್ ಹೆಸರಿನಲ್ಲಿ ಸೇರಿಸಿ. ಬಳಕೆದಾರರು ಫಾರ್ಮ್‌ನಲ್ಲಿ ತುಂಬಿದ ಹೆಸರನ್ನು ಮಾತ್ರ ಫೈಲ್ ಹೆಸರಾಗಿ ಯಾವತ್ತೂ ಬಳಸಬೇಡಿ. ಯಾರಾದರೂ ಎರಡು ಚುಕ್ಕಿ, ಒಂದು ಸ್ಲ್ಯಾಶ್ ಹಾಕಿದರೆ ಫೈಲ್ ನೀವು ಅಂದುಕೊಂಡ ಫೋಲ್ಡರ್ ಬಿಟ್ಟು ಬೇರೆಲ್ಲೋ ಹೋಗಿ ಕೂರುತ್ತದೆ.

ಆಮೇಲೆ ಅರ್ಧ ಬರೆದ ಫೈಲ್‌ನ ಸಮಸ್ಯೆ. ಒಂದು ಪ್ರೋಗ್ರಾಮ್ ಇನ್ನೂ ಬರೆಯುತ್ತಿರುವಾಗಲೇ, ಫೋಲ್ಡರ್ ಮೇಲೆ ಕಣ್ಣಿಟ್ಟ ಇನ್ನೊಂದು ಅದನ್ನು ಓದಲು ಶುರುಮಾಡಬಹುದು. ಇದಕ್ಕೆ ಹಳೆಯ, ನಂಬಿಕಸ್ತ ಉಪಾಯ ಒಂದಿದೆ. ಮೊದಲು ತಾತ್ಕಾಲಿಕ ಹೆಸರಿನಲ್ಲಿ ಪೂರ್ತಿ ಬರೆಯಿರಿ, ಮುಗಿದ ಮೇಲೆ ಸರಿಯಾದ ಹೆಸರಿಗೆ ಬದಲಿಸಿ. ಲಿನಕ್ಸ್‌ನಲ್ಲಿ ಹೆಸರು ಬದಲಿಸುವುದು ಒಂದೇ ಏಟಿಗೆ ಆಗುವ ಕೆಲಸ. ಆಗಿರುತ್ತದೆ ಅಥವಾ ಆಗಿರುವುದಿಲ್ಲ, ನಡುವಿನ ಸ್ಥಿತಿ ಇಲ್ಲ. ಆದರೆ ಎರಡೂ ಹೆಸರುಗಳು ಒಂದೇ ಫೈಲ್ ಸಿಸ್ಟಮ್‌ನಲ್ಲಿರಬೇಕು. ಟೆಂಪ್ ಫೋಲ್ಡರ್‌ನಲ್ಲಿ ಬರೆದು ಬೇರೆ ಡಿಸ್ಕ್‌ಗೆ ಸಾಗಿಸಿದರೆ ಅದು ಹೆಸರು ಬದಲಿಸಿದ್ದಲ್ಲ, ಕಾಪಿ ಮಾಡಿದ್ದು. ಆಗ ಈ ಖಾತ್ರಿ ಇರಲ್ಲ.

ಡಾಕರ್‌ನಲ್ಲಿ, ಅಂದರೆ ಪ್ರೋಗ್ರಾಮ್ ಅನ್ನು ಕಂಟೇನರ್ ಅನ್ನೋ ಪ್ರತ್ಯೇಕ ಡಬ್ಬಿಯೊಳಗೆ ಇಟ್ಟು, ನಡೆಸುವವರು ಇನ್ನೊಂದನ್ನು ಗಮನಿಸಬೇಕು. ಎಕ್ಸಿಕ್ಯೂಟ್ ಕಮಾಂಡ್ ಓಡುವುದು ಎನ್8ಎನ್‌ನ ಕಂಟೇನರ್ ಒಳಗೆ, ನಿಮ್ಮ ಸರ್ವರ್ ಮೇಲಲ್ಲ. ಅಲ್ಲಿನ ಫೋಲ್ಡರ್‌ಗಳೇ ಬೇರೆ. ಸರ್ವರ್‌ನಲ್ಲಿ ಇರುವ ಸ್ಕ್ರಿಪ್ಟ್, ಸರ್ವರ್‌ನಲ್ಲಿ ಇರುವ ಪೈಥಾನ್, ಯಾವುದೂ ಅದಕ್ಕೆ ಕಾಣಲ್ಲ. ಎರಡೂ ಕಡೆ ಕಾಣುವ ಹಾಗೆ ಒಂದು ಫೋಲ್ಡರ್ ಅನ್ನು ವಾಲ್ಯೂಮ್ ಆಗಿ ಮೌಂಟ್ ಮಾಡಬೇಕು. ಕೆಲಸ ಜಾಸ್ತಿ ಅಂತ ಎನ್8ಎನ್ ಅನ್ನು ಕ್ಯೂ ಮೋಡ್‌ನಲ್ಲಿ ಹಲವು ವರ್ಕರ್‌ಗಳ ಮೇಲೆ ಹಂಚಿದ್ದರೆ ಲೋಕಲ್ ಫೈಲ್ ನಂಬುವ ಹಾಗೇ ಇಲ್ಲ. ಒಂದು ಮಷೀನ್ ಬರೆದದ್ದು ಇನ್ನೊಂದಕ್ಕೆ ಸಿಗಲ್ಲ. ಅಲ್ಲಿಗೆ ಅಮೆಜಾನ್‌ನ ಎಸ್3 ಥರದ ಆಬ್ಜೆಕ್ಟ್ ಸ್ಟೋರೇಜ್ ಬೇಕು, ಅಥವಾ ಡೇಟಾಬೇಸ್‌ನ ಒಂದು ಟೇಬಲ್. ಪದ್ಧತಿ ಅದೇ, ವಿಳಾಸ ಮಾತ್ರ ಫೈಲ್ ಪಾತ್ ಬದಲು ಎಸ್3 ಕೀ ಅಥವಾ ಟೇಬಲ್‌ನ ಐಡಿ.

ಕೆಲವು ಲಿನಕ್ಸ್‌ಗಳಲ್ಲಿ ಟೆಂಪ್ ಫೋಲ್ಡರ್ ಡಿಸ್ಕ್‌ನಲ್ಲಿ ಇರುವುದೇ ಇಲ್ಲ, ರ್‍ಯಾಮ್‌ನಲ್ಲಿ ಇರುತ್ತದೆ. ಫೆಡೋರಾದಲ್ಲಿ ಹೀಗೇ. ಅಲ್ಲಿ 3 ಜಿಬಿ ಫೈಲ್ ಬರೆದರೆ 3 ಜಿಬಿ ರ್‍ಯಾಮ್ ಹೋಯ್ತು. ದೊಡ್ಡ ಡೇಟಾಗೆ ಬೇರೆ ಫೋಲ್ಡರ್ ಇಟ್ಟುಕೊಳ್ಳುವುದೇ ವಾಸಿ.

ಕೊನೆಗೆ ಗುಡಿಸುವ ಕೆಲಸ. ಗ್ರಾಹಕರ ಹೆಸರು, ಫೋನ್ ನಂಬರ್ ಇರುವ ಫೈಲ್‌ಗಳು ತಿಂಗಳುಗಟ್ಟಲೆ ಸರ್ವರ್‌ನಲ್ಲಿ ಬಿದ್ದಿರಬಾರದು. ಕೆಲಸ ಕೆಟ್ಟಾಗಲೂ ಅಳಿಸುವ ಹಾಗೆ ವರ್ಕ್‌ಫ್ಲೋದ ಎರರ್ ದಾರಿಯಲ್ಲೂ ಅಳಿಸುವ ಹೆಜ್ಜೆ ಇರಲಿ. ಒಂದು ದಿನಕ್ಕಿಂತ ಹಳೆಯದಾದ ಫೈಲ್‌ಗಳನ್ನು, ಹೊತ್ತಿಗೆ ಸರಿಯಾಗಿ ಕೆಲಸ ನಡೆಸುವ ಕ್ರಾನ್ ಕೂಡ ಅಳಿಸುತ್ತಿರಲಿ. ಫೈಲ್‌ನ ಪರ್ಮಿಷನ್ 600 ಇರಲಿ, ಅಂದರೆ ಅದರ ಯಜಮಾನನಿಗೆ ಮಾತ್ರ ಓದಲು, ಬರೆಯಲು ಆಗಬೇಕು.

ಇಷ್ಟೆಲ್ಲ ರಗಳೆ ಇದ್ದರೂ ನಾನು ಫೈಲ್ ದಾರಿಯ ಪರ. ಗಾತ್ರ ಒಂದೇ ಅದಕ್ಕೆ ಕಾರಣವಲ್ಲ. ಕಮಾಂಡ್ ಸಾಲಿನಲ್ಲಿ ಜನ ಬರೆದ ಮಾತನ್ನು ನೇರವಾಗಿ ಅಂಟಿಸುವುದು ಅಪಾಯದ ಕೆಲಸ. ಅನಿಸಿಕೆಯಲ್ಲಿ ಯಾರೋ ಒಂದು ಅಪಾಸ್ಟ್ರಫಿ ಹಾಕಿದರೆ ಸಾಕು, ಕೋಟ್ಸ್ ಅಲ್ಲಿಗೇ ಮುಚ್ಚಿಕೊಂಡು ಮಿಕ್ಕದ್ದನ್ನೆಲ್ಲ ಶೆಲ್ ಕಮಾಂಡ್ ಅಂತ ಓದುತ್ತದೆ. ಬೇಕೆಂದೇ ಕೆಡುಕು ಮಾಡುವವರು ಅಲ್ಲಿ ಒಂದು ಸೆಮಿಕೋಲನ್ ಹಾಕಿ ಫೈಲ್ ಅಳಿಸುವ ಕಮಾಂಡ್ ಬರೆಯಬಹುದು. ಸಾಲದ್ದಕ್ಕೆ, ಪ್ರೋಗ್ರಾಮ್ ಓಡುತ್ತಿರುವಷ್ಟು ಹೊತ್ತು ಅದರ ಆರ್ಗ್ಯುಮೆಂಟ್‌ಗಳು ಸಾಮಾನ್ಯವಾಗಿ ಆ ಸರ್ವರ್‌ನ ಬೇರೆ ಬಳಕೆದಾರರಿಗೂ ‘ಪಿಎಸ್’ ಕಮಾಂಡ್‌ನಲ್ಲಿ ಕಾಣುತ್ತವೆ. ಡೇಟಾ ಚಿಕ್ಕದೇ ಇರಲಿ, ಜನ ಬರೆದದ್ದಾಗಿದ್ದರೆ ಫೈಲ್‌ಗೇ ಹಾಕಿ.

ವಾಪಸ್ ಬರುವ ದಾರಿ

ಹೋಗುವ ದಾರಿ ಸರಿಪಡಿಸಿದವರು ಬಹಳ ಸಲ ಬರುವ ದಾರಿ ಮರೆಯುತ್ತಾರೆ. ಸ್ಕ್ರಿಪ್ಟ್ ಪ್ರಿಂಟ್ ಮಾಡಿದ್ದೆಲ್ಲ ಸ್ಟ್ಯಾಂಡರ್ಡ್ ಔಟ್‌ಪುಟ್ ಮೂಲಕ ಎನ್8ಎನ್‌ಗೆ ಬರುತ್ತದೆ. ನೋಡ್‌ಜೆಎಸ್‌ನ ಎಕ್ಸೆಕ್ ಇದಕ್ಕೆ 1 ಎಂಬಿ ಮಿತಿ ಇಟ್ಟಿದೆ. ದಾಟಿದರೆ ‘ಸ್ಟ್ಯಾಂಡರ್ಡ್ ಔಟ್ ಮ್ಯಾಕ್ಸ್ ಬಫರ್ ಲೆಂತ್ ಎಕ್ಸೀಡೆಡ್’ ಅಂತ ಹೇಳಿ ಸ್ಕ್ರಿಪ್ಟ್ ಅನ್ನು ಅರ್ಧಕ್ಕೇ ಕೊಲ್ಲುತ್ತದೆ. ಇಲ್ಲಿಯೇ ಪೈಥಾನ್‌ನ ಆರು ಬೈಟ್ ರೂಪ ಕಾಡುವುದು. 400 ಕೆಬಿ ಕನ್ನಡ ಫಲಿತಾಂಶ ಬ್ಯಾಕ್‌ಸ್ಲ್ಯಾಶ್ ರೂಪದಲ್ಲಿ 800 ಕೆಬಿ ಹತ್ತಿರ ಹೋಗುತ್ತದೆ.

ಸ್ಕ್ರಿಪ್ಟ್ ಪ್ರಿಂಟ್ ಮಾಡಬೇಕಾದ್ದು ಒಂದೇ ಒಂದು ಚಿಕ್ಕ ಜೇಸನ್ ಸಾಲು. ಫಲಿತಾಂಶದ ಫೈಲ್ ಎಲ್ಲಿದೆ, ಎಷ್ಟು ಸಾಲು ಒಳಗೆ ಬಂದವು, ಎಷ್ಟು ಹೊರಗೆ ಹೋದವು, ಫೈಲ್ ಕೆಟ್ಟಿಲ್ಲ ಅಂತ ತಾಳೆ ನೋಡುವ ಸಂಖ್ಯೆ, ಅಂದರೆ ಚೆಕ್‌ಸಮ್, ಏನು. “412 ಸಾಲು ಓದಿದೆ, 9 ಎರಡೆರಡು ಸಲ ಬಂದಿದ್ದವು, 403 ಬರೆದೆ” ಅನ್ನೋ ಮಾಹಿತಿ ಕೈಯಲ್ಲಿದ್ದರೆ ಮುಂದಿನ ನೋಡ್‌ನಲ್ಲಿ ಒಂದು ‘ಇಫ್’ ಹಾಕಿ ತಾಳೆ ನೋಡಬಹುದು. ಕೆಲಸದ ನಡುವೆ ಬರೆಯುವ ಟಿಪ್ಪಣಿಗಳನ್ನು ಸ್ಟ್ಯಾಂಡರ್ಡ್ ಎರರ್‌ಗೆ ಕಳಿಸಿ, ಇಲ್ಲದಿದ್ದರೆ ಅವು ಜೇಸನ್ ಜೊತೆ ಕಲೆಸಿ ಅದನ್ನು ಓದಲಾಗದ ಹಾಗೆ ಮಾಡುತ್ತವೆ. ಕೆಲಸ ಕೆಟ್ಟರೆ ಎಕ್ಸಿಟ್ ಕೋಡ್ ಸೊನ್ನೆ ಅಲ್ಲದ ಸಂಖ್ಯೆ ಇರಲೇಬೇಕು. ಸುಮ್ನೆ ‘ಎರರ್’ ಅಂತ ಪ್ರಿಂಟ್ ಮಾಡಿ ಸೊನ್ನೆ ಕೊಟ್ಟರೆ ವರ್ಕ್‌ಫ್ಲೋ ಎಲ್ಲ ಸರಿಯಾಗಿದೆ ಅಂತ ಮುಂದೆ ಹೋಗುತ್ತದೆ.

ಸಾಲುಗಳ ತಾಳೆಗೆ ನಾನು ಇಷ್ಟು ಒತ್ತು ಕೊಡಲು ಕಾರಣವಿದೆ. ಇಲ್ಲಿವರೆಗೆ ಹೇಳಿದ ಮಿತಿಗಳೆಲ್ಲ ಕೂಗಿ ಹೇಳುವ ಮಿತಿಗಳು, ಎರರ್ ಕೊಡುತ್ತವೆ. ಬಾಯಿಬಿಡದೆ ಕತ್ತರಿಸುವ ಮಿತಿಗಳೂ ಇವೆ. ಎಕ್ಸೆಲ್‌ನ ಒಂದು ಸೆಲ್‌ನಲ್ಲಿ ಹಿಡಿಸುವುದು 32,767 ಅಕ್ಷರ. ಮೈಎಸ್‌ಕ್ಯೂಎಲ್‌ನ ಟೆಕ್ಸ್ಟ್ ಕಾಲಮ್‌ನಲ್ಲಿ 65,535 ಬೈಟ್, ಕನ್ನಡದಲ್ಲಿ ಅದು 21,845 ಸಂಕೇತ ಮಾತ್ರ. ಸ್ಟ್ರಿಕ್ಟ್ ಮೋಡ್ ಆನ್ ಇಲ್ಲದಿದ್ದರೆ ಮೈಎಸ್‌ಕ್ಯೂಎಲ್ ಉಳಿದದ್ದನ್ನು ಕತ್ತರಿಸಿ, ಒಂದು ವಾರ್ನಿಂಗ್ ಕೊಟ್ಟು ಮುಂದೆ ಹೋಗುತ್ತದೆ. ಆ ವಾರ್ನಿಂಗ್ ಅನ್ನು ಯಾವ ವರ್ಕ್‌ಫ್ಲೋ ಓದುತ್ತದೆ ಹೇಳಿ?

ಪೈಪ್ ಮೂಲಕ ಹರಿಸೋದು

ಸ್ಟ್ಯಾಂಡರ್ಡ್ ಇನ್‌ಪುಟ್‌ಗೆ ಗಾತ್ರದ ಮಿತಿ ಇಲ್ಲ. ಎಕ್ಸಿಕ್ಯೂಟ್ ಕಮಾಂಡ್ ನೋಡ್‌ನಲ್ಲಿ ಅದಕ್ಕೆ ನೇರ ದಾರಿ ಇಲ್ಲ ಅನ್ನೋದು ನಿಜ, ಆದರೆ ಏರ್‌ಫ್ಲೋದಲ್ಲಿ ಅಥವಾ ನಿಮ್ಮದೇ ಕೋಡ್‌ನಲ್ಲಿ ಸ್ಕ್ರಿಪ್ಟ್ ಕರೆಯುವವರಾದರೆ ಇದು ಚೊಕ್ಕ ದಾರಿ. ಫೈಲ್ ಇಲ್ಲ, ಗುಡಿಸುವ ತಲೆನೋವಿಲ್ಲ.

ಒಂದೇ ಎಚ್ಚರ. ಲಿನಕ್ಸ್‌ನಲ್ಲಿ ಪೈಪ್‌ನ ನಡುವಿನ ಜಾಗ 64 ಕೆಬಿ. ನೀವು ಪೂರ್ತಿ ಡೇಟಾ ಬರೆದು ಮುಗಿಸಿದ ಮೇಲೆ ಉತ್ತರ ಓದೋಣ ಅಂತ ಕೂತಿದ್ದೀರಿ. ಸ್ಕ್ರಿಪ್ಟ್ ಓದುತ್ತಾ ಓದುತ್ತಾ ಉತ್ತರ ಬರೆಯುತ್ತಿದೆ. ಅದರ ಉತ್ತರದ ಪೈಪ್ ತುಂಬಿತು, ನೀವು ಖಾಲಿ ಮಾಡಲಿ ಅಂತ ಅದು ಕಾಯುತ್ತದೆ. ಅದು ಓದುವುದು ನಿಲ್ಲಿಸಿದ್ದಕ್ಕೆ ನಿಮ್ಮ ಪೈಪ್ ಕೂಡ ತುಂಬಿತು, ಅದು ಓದಲಿ ಅಂತ ನೀವು ಕಾಯುತ್ತೀರಿ. ಎರರ್ ಇಲ್ಲ, ಸಿಪಿಯು ಓಡುತ್ತಿಲ್ಲ, ಇಬ್ಬರೂ ಸುಮ್ಮನೆ ನಿಂತಿರುತ್ತಾರೆ. ಪೈಥಾನ್‌ನ ಸಬ್‌ಪ್ರಾಸೆಸ್‌ನಲ್ಲಿ ‘ಕಮ್ಯುನಿಕೇಟ್’ ಬಳಸಿದರೆ, ಅಥವಾ ‘ರನ್’ ಕರೆಯುವಾಗ ‘ಇನ್‌ಪುಟ್’ಗೆ ಡೇಟಾ ಕೊಟ್ಟರೆ, ಅದು ಎರಡೂ ಕಡೆ ಒಟ್ಟಿಗೆ ನೋಡಿಕೊಳ್ಳುತ್ತದೆ. ಕೈಯಾರೆ ಬರೆದು ಓದುವ ಸಾಹಸ ಬೇಡ.

ತುಂಡು ಮಾಡಿದರೆ?

ಎನ್8ಎನ್‌ನ ‘ಲೂಪ್ ಓವರ್ ಐಟಮ್ಸ್’ ನೋಡ್ ಹಾಕಿ ನೂರು ನೂರು ಸಾಲು ಕಳಿಸಿದರಾಯ್ತು ಅನ್ನೋದು ಹಲವರ ಮೊದಲ ಯೋಚನೆ. ಒಂದೊಂದು ಸಾಲೂ ಸ್ವತಂತ್ರವಾಗಿದ್ದರೆ ಇದು ಸರಿಯೇ. ಪ್ರತಿ ಅನಿಸಿಕೆಯ ಕಾಗುಣಿತ ಸರಿಪಡಿಸುವುದಕ್ಕೆ ಪಕ್ಕದ ಸಾಲು ಬೇಕಾಗಿಲ್ಲ. ಆದರೆ ಎರಡೆರಡು ಸಲ ಬಂದದ್ದನ್ನು ತೆಗೆಯಬೇಕು, ಅಕಾರಾದಿಯಾಗಿ ಜೋಡಿಸಬೇಕು, ನಡುವಿನ ಬೆಲೆ (ಮೀಡಿಯನ್) ಕಂಡುಹಿಡಿಯಬೇಕು ಅಂದರೆ ಇಡೀ ಡೇಟಾ ಒಟ್ಟಿಗೆ ಬೇಕು. ಮೂರನೇ ತುಂಡಿನಲ್ಲಿರುವ ಸಾಲು ಏಳನೇ ತುಂಡಿನಲ್ಲೂ ಇದೆ ಅನ್ನೋದು ಸ್ಕ್ರಿಪ್ಟ್‌ಗೆ ತಿಳಿಯುವುದಿಲ್ಲ. ಜೊತೆಗೆ, ಪ್ರತಿ ತುಂಡಿಗೂ ಪೈಥಾನ್ ಹೊಸದಾಗಿ ಶುರುವಾಗಿ ಲೈಬ್ರರಿಗಳನ್ನೆಲ್ಲ ಲೋಡ್ ಮಾಡಿಕೊಳ್ಳಬೇಕು, ಅದಕ್ಕೇ ಹೊತ್ತು ಹೋಗುತ್ತದೆ.

ತುಂಡು ಮಾಡಲೇಬೇಕಾದರೆ ಸಾಲಿನ ಗಡಿಯಲ್ಲಿ ಮಾಡಿ. ಲೆಕ್ಕ ಬೈಟ್‌ನಲ್ಲಿರಲಿ, ಕತ್ತರಿ ಮಾತ್ರ ಸಾಲಿನ ಕೊನೆಯಲ್ಲೇ ಬೀಳಲಿ. ನೇರವಾಗಿ ಒಂದು ಲಕ್ಷ ಬೈಟ್‌ಗೆ ಕತ್ತರಿಸಿದರೆ ಕನ್ನಡದ ಒಂದು ಸಂಕೇತದ ಮೂರು ಬೈಟ್‌ಗಳ ನಡುವೆ ಕತ್ತರಿ ಬಿದ್ದು, ಪೈಥಾನ್ ‘ಯುನಿಕೋಡ್ ಡಿಕೋಡ್ ಎರರ್’ ಅಂತ ನಿಲ್ಲುತ್ತದೆ. ಸಂಕೇತಗಳ ಗಡಿಯಲ್ಲಿ ಕತ್ತರಿಸಿದರೂ ಸಾಲದು. ಕ, ಹಲಂತ ಚಿಹ್ನೆ, ಷ ಸೇರಿ ಆದ ‘ಕ್ಷ’ ಎರಡು ತುಂಡಿಗೆ ಹಂಚಿಹೋದರೆ ಎರರ್ ಬರಲ್ಲ, ಪದ ಮಾತ್ರ ಕೆಡುತ್ತದೆ.

ಇದಕ್ಕಿಂತ ಒಳ್ಳೆಯದು, ಫೈಲ್‌ನಲ್ಲಿ ಒಂದು ಸಾಲಿಗೆ ಒಂದು ಜೇಸನ್ ದಾಖಲೆ ಬರೆಯುವ ಪದ್ಧತಿ. ಜೇಸನ್ ಲೈನ್ಸ್ ಅಂತ ಕರೆಯುತ್ತಾರೆ. ಸ್ಕ್ರಿಪ್ಟ್ ಒಂದು ಸಾಲು ಓದಿ, ಕೆಲಸ ಮಾಡಿ, ಬರೆದು, ಮುಂದಿನದಕ್ಕೆ ಹೋಗುತ್ತದೆ. ಫೈಲ್ ಎಷ್ಟೇ ದೊಡ್ಡದಿರಲಿ, ಮೆಮೊರಿಯಲ್ಲಿ ಒಂದು ಸಮಯಕ್ಕೆ ಒಂದೇ ಸಾಲು. ತುಂಡು ಮಾಡುವುದರ ಲಾಭವೂ ಸಿಕ್ಕಿತು, ಸ್ಕ್ರಿಪ್ಟ್ ಶುರುವಾಗುವುದೂ ಒಂದೇ ಸಲ.

ಜಿಜಿಪ್ ಮಾಡಿ ಕುಗ್ಗಿಸುವ ಉಪಾಯದ ಬಗ್ಗೆಯೂ ಒಂದು ಮಾತು. ಕನ್ನಡ ಪಠ್ಯ ಚೆನ್ನಾಗಿ ಕುಗ್ಗುತ್ತದೆ. ಮೂರು ಬೈಟ್‌ಗಳಲ್ಲಿ ಮೊದಲನೆಯದು ಯಾವಾಗಲೂ ಒಂದೇ, ಎರಡನೆಯದಕ್ಕೆ ಇರುವುದು ಎರಡೇ ಬೆಲೆ. ಹೀಗೆ ಮತ್ತೆ ಮತ್ತೆ ಬರುವುದನ್ನು ಜಿಜಿಪ್ ಸುಲಭವಾಗಿ ಹಿಂಡುತ್ತದೆ. ಆದರೆ ಕಮಾಂಡ್ ಸಾಲಿನಲ್ಲಿ ಕಳಿಸಲು ಅದನ್ನು ಬೇಸ್64ಕ್ಕೆ ಬದಲಿಸಬೇಕು, ಗಾತ್ರ ಮತ್ತೆ ಮೂರನೇ ಒಂದರಷ್ಟು ಏರುತ್ತದೆ. ಇಷ್ಟಾದರೂ ಮಿತಿ ಅಲ್ಲೇ ಇದೆ, ಅದಕ್ಕೆ ಬಡಿಯುವ ದಿನ ಮುಂದೆ ಹೋಗಿದೆ ಅಷ್ಟೇ. ಫೈಲ್ ಸಾಗಿಸುವಾಗ ಜಿಜಿಪ್ ಮಾಡಿ, ಮಿತಿ ದಾಟುವ ಉಪಾಯವಾಗಿ ಬೇಡ.

ಕ್ಲೌಡ್‌ನಲ್ಲಿ ಮತ್ತು ಎಚ್‌ಟಿಟಿಪಿಯಲ್ಲಿ

ಅಮೆಜಾನ್‌ನ ಸ್ಟೆಪ್ ಫಂಕ್ಷನ್ಸ್‌ನಲ್ಲಿ ಒಂದು ಹಂತದಿಂದ ಇನ್ನೊಂದಕ್ಕೆ ಸಾಗುವ ಡೇಟಾ 256 ಕೆಬಿ ದಾಟುವಂತಿಲ್ಲ. 2020ರವರೆಗೆ ಇದು ಬರೀ 32 ಕೆಬಿ ಇತ್ತು. ಎಣಿಕೆ ಯುಟಿಎಫ್-8 ಬೈಟ್‌ನಲ್ಲೇ, ಹಾಗಾಗಿ ಕನ್ನಡಕ್ಕೆ ಸುಮಾರು 87,000 ಸಂಕೇತ. ಅಮೆಜಾನ್‌ನಲ್ಲಿ ಕೋಡ್ ಓಡಿಸುವ ಲ್ಯಾಂಬ್ಡಾವನ್ನು ನೇರವಾಗಿ ಕರೆದು ಉತ್ತರಕ್ಕೆ ಕಾಯುವಾಗ ಮಿತಿ 6 ಎಂಬಿ, ಆದರೆ ಸ್ಟೆಪ್ ಫಂಕ್ಷನ್ಸ್ ಮೂಲಕ ಕರೆದರೆ ಆ 6 ಎಂಬಿಯ ಲೆಕ್ಕ ಉಪಯೋಗಕ್ಕೆ ಬರಲ್ಲ, ಚಿಕ್ಕ ಮಿತಿಯೇ ಗೆಲ್ಲುತ್ತದೆ. ಡೇಟಾವನ್ನು ಎಸ್3ಗೆ ಹಾಕಿ ಅದರ ವಿಳಾಸ ಕಳಿಸಿ ಅಂತ ಅಮೆಜಾನ್‌ನ ದಾಖಲೆಗಳೇ ಹೇಳುತ್ತವೆ. ಒಂದು ಕೆಲಸದಿಂದ ಇನ್ನೊಂದಕ್ಕೆ ಡೇಟಾ ಕೊಡುವ ಏರ್‌ಫ್ಲೋದ ಎಕ್ಸ್‌ಕಾಮ್ ಬಗ್ಗೆ ಅದರ ದಾಖಲೆಗಳಲ್ಲೂ ಅದೇ ಮಾತು: ಅದು ಚಿಕ್ಕ ಡೇಟಾಗೆ, ಡೇಟಾಫ್ರೇಮ್‌ನಂಥ ದೊಡ್ಡ ಕೋಷ್ಟಕ ಸಾಗಿಸುವುದಕ್ಕಲ್ಲ. ಗಿಟ್‌ಹಬ್ ಆಕ್ಷನ್ಸ್‌ನಲ್ಲಿ ಒಂದು ಜಾಬ್‌ನ ಔಟ್‌ಪುಟ್ 1 ಎಂಬಿ. ದೊಡ್ಡದಕ್ಕೆ ಆರ್ಟಿಫ್ಯಾಕ್ಟ್, ಅಂದರೆ ಫೈಲ್ ಆಗಿ ಉಳಿಸುವ ಸೌಲಭ್ಯ, ಇದೆ.

ಸ್ಕ್ರಿಪ್ಟ್ ಅನ್ನೇ ಒಂದು ಚಿಕ್ಕ ವೆಬ್ ಸರ್ವಿಸ್ ಮಾಡಿ, ಫಾಸ್ಟ್‌ಎಪಿಐ ಅಥವಾ ಫ್ಲಾಸ್ಕ್‌ನಲ್ಲಿ ನಡೆಸುವುದೂ ಒಳ್ಳೆಯ ದಾರಿ. ಎನ್8ಎನ್ ಕ್ಲೌಡ್‌ನಲ್ಲಿರುವವರಿಗೆ ಇದು ಬಿಟ್ಟರೆ ಬೇರೆ ದಾರಿ ಕಡಿಮೆ. ಲೈಬ್ರರಿಗಳು ಒಂದೇ ಸಲ ಲೋಡ್ ಆಗಿರುತ್ತವೆ, ಹಾಗಾಗಿ ವೇಗವೂ ಸಿಗುತ್ತದೆ. ಆದರೆ ಮಿತಿಗಳು ಇಲ್ಲೂ ಇವೆ. ಮುಂದೆ ಎನ್‌ಜಿನ್‌ಎಕ್ಸ್ ಅನ್ನೋ ವೆಬ್ ಸರ್ವರ್ ಇಟ್ಟಿದ್ದರೆ ಅದು ತಾನಾಗಿ 1 ಎಂಬಿಗಿಂತ ದೊಡ್ಡ ಬಾಡಿ ಒಪ್ಪಲ್ಲ, 413 ಎರರ್ ಕೊಡುತ್ತದೆ. ಸರ್ವಿಸ್‌ನಿಂದ 60 ಸೆಕೆಂಡ್ ಏನೂ ಬರದಿದ್ದರೆ ಸಂಪರ್ಕ ಕಡಿಯುತ್ತದೆ. ಎನ್8ಎನ್‌ನ ವೆಬ್‌ಹುಕ್‌ಗೆ (ಹೊರಗಿನಿಂದ ಡೇಟಾ ಪಡೆಯುವ ವೆಬ್ ವಿಳಾಸ) ಬರುವ ಡೇಟಾಗೆ 16 ಎಂಬಿ ಮಿತಿ ಇದೆ. ಇವೆಲ್ಲ ಸೆಟ್ಟಿಂಗ್‌ನಲ್ಲಿ ಏರಿಸಬಹುದಾದವು. ಹೊತ್ತು ಹಿಡಿಯುವ ಕೆಲಸವಾದರೆ ಸರ್ವಿಸ್ ಕೂಡಲೇ ಒಂದು ಜಾಬ್ ಐಡಿ ಕೊಟ್ಟು ಕಳಿಸಲಿ, ಮುಗಿದ ಮೇಲೆ ಎನ್8ಎನ್‌ನ ವೆಬ್‌ಹುಕ್‌ಗೆ ಫಲಿತಾಂಶದ ವಿಳಾಸ ಕಳಿಸಲಿ.

ಯಾವ ದಾರಿ ಹಿಡಿದರೂ, ಲೈವ್ ಮಾಡುವ ಮುಂಚೆ ಒಂದು ಪರೀಕ್ಷೆ ಮಾಡಿ. ಒಂದು ವರ್ಷದಲ್ಲಿ ಬರಬಹುದಾದ ಅತಿ ದೊಡ್ಡ ಡೇಟಾ ಎಷ್ಟು ಅಂತ ಅಂದಾಜು ಮಾಡಿ, ಅದರ ಎರಡು ಪಟ್ಟು ಸಾಲುಗಳನ್ನು ತಯಾರಿಸಿ. ಸಾಲುಗಳು ಕನ್ನಡದಲ್ಲೇ ಇರಲಿ. ಒತ್ತಕ್ಷರ ಇರಲಿ, ಅಲ್ಲಲ್ಲಿ ಅಪಾಸ್ಟ್ರಫಿ, ಡಬಲ್ ಕೋಟ್ಸ್, ಸೆಮಿಕೋಲನ್, ಒಂದೆರಡು ಇಮೋಜಿ ಇರಲಿ. ಇಮೋಜಿಗೆ ಸಾಮಾನ್ಯವಾಗಿ ನಾಲ್ಕು ಬೈಟ್, ಮೈಎಸ್‌ಕ್ಯೂಎಲ್‌ನ ಹಳೆಯ ಮೂರು ಬೈಟ್‌ನ ಯುಟಿಎಫ್8 ಕಾಲಮ್ ಇದ್ದರೆ ಅದೂ ಇಲ್ಲೇ ಸಿಕ್ಕಿಬೀಳುತ್ತದೆ. ಇದನ್ನು ನಿಮ್ಮ ಲ್ಯಾಪ್‌ಟಾಪ್‌ನಲ್ಲಲ್ಲ, ನಿಜವಾಗಿ ಓಡುವ ಲಿನಕ್ಸ್ ಸರ್ವರ್‌ನಲ್ಲೇ, ಅದೇ ಡಾಕರ್ ಕಂಟೇನರ್ ಒಳಗೇ ಓಡಿಸಿ. ಒಂದೇ ಹೊತ್ತಿಗೆ ಎರಡು ಸಲ ಓಡಿಸಿ. ಆಮೇಲೆ ಒಳಗೆ ಹೋದ ಸಾಲು, ಹೊರಗೆ ಬಂದ ಸಾಲು ಎಣಿಸಿ, ಕೊನೆಯ ಸಾಲಿನ ಕೊನೆಯ ಪದ ಪೂರ್ತಿ ಇದೆಯಾ ಅಂತ ಕಣ್ಣಾರೆ ನೋಡಿ.